ಔಷಧ ಬಿಟ್ಟವನು ಯಾರು?

(ನಮ್ಮ ಪಕ್ಷದ ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಶಿಬಿರದ ವ್ಯವಸ್ಥಾಪಕರು ನನಗೆ ಗೊತ್ತುಮಾಡಿರುವ ವಿಷಯ, "ಜನಾರೋಗ್ಯದ ಯೋಜನೆಗಳು ಫಲಿಸುವುದು ಯಾವಾಗ, ಜನ ಅವನ್ನು ನಂಬುವುದು ಯಾವಾಗ" ಎಂಬುದು. ವಿಷಯ ದೊಡ್ಡದು. ದೊಡ್ಡ ವಿಷಯವನ್ನು ದೊಡ್ಡ ಮಾತುಗಳಲ್ಲೇ ಹೇಳಿಬಿಟ್ಟರೆ ಕೇಳಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದುದರಿಂದ ಒಂದೇ ಒಂದು ರೋಗವನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಅದು ಕ್ಷಯ.

ಕ್ಷಯವನ್ನೇ ಏಕೆ ಆರಿಸಿಕೊಂಡೆನೆಂದರೆ, ಅದು ನಮ್ಮವರ ರೋಗ. ಬೀಡಿ ಕಟ್ಟುವವರ, ಕಲ್ಲುಗಣಿಯಲ್ಲಿ ಧೂಳು ಕುಡಿಯುವವರ, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವವರ ರೋಗ. ಶ್ರೀಮಂತರಿಗೆ ಅದು ಬರುವುದಿಲ್ಲವೆಂದಲ್ಲ. ಬಂದರೆ ಅವರಿಗೆ ಬೇಗ ಗೊತ್ತಾಗುತ್ತದೆ, ಬೇಗ ವಾಸಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೩ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಕ್ಷಯಕ್ಕೆ ತುತ್ತಾದವರು ಸುಮಾರು ೨೮ ಲಕ್ಷ ಜನ. ಅಂದರೆ ಇಡೀ ಪ್ರಪಂಚದ ಹೊಸ ಕ್ಷಯರೋಗಿಗಳಲ್ಲಿ ನಾಲ್ವರಿಗೊಬ್ಬರು ನಮ್ಮವರು. ಅದೇ ವರ್ಷ ಈ ರೋಗದಿಂದ ಸತ್ತವರು ಮೂರು ಲಕ್ಷಕ್ಕೂ ಹೆಚ್ಚು. ಔಷಧವಿಲ್ಲದ ರೋಗದಿಂದ ಸತ್ತರೆ ಅದನ್ನು ವಿಧಿಯೆನ್ನಬಹುದು. ಔಷಧವಿರುವ ರೋಗದಿಂದ ಇಷ್ಟು ಜನ ಸತ್ತರೆ ಅದಕ್ಕೆ ಏನೆನ್ನಬೇಕು? ನೀವೇ ಯೋಚಿಸಿ.

ಮೊದಲು ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ನಾನು ಮಿಡ್ಲ್‌ಸ್ಕೂಲಿನಲ್ಲಿ ಓದುತ್ತಿದ್ದ ಕಾಲ. ನನ್ನ ಸೋದರಮಾವ ಅಕ್ಕಿ ಗಿರಣಿಯಲ್ಲಿ ಹಮಾಲಿ. ನೂರು ಕಿಲೋ ಮೂಟೆಯನ್ನು ಬೆನ್ನಿಗೇರಿಸಿಕೊಂಡು ಲಾರಿಗೆ ಹತ್ತುತ್ತಿದ್ದ ಆಳು. ಅವನಿಗೆ ಕೆಮ್ಮು ಹತ್ತಿತು. ತಿಂಗಳಾದರೂ ಹೋಗಲಿಲ್ಲ. ಸಂಜೆಯಾದರೆ ಸಣ್ಣ ಜ್ವರ. ಅವನೇನೂ ಮಂತ್ರವಾದಿಯ ಹತ್ತಿರ ಹೋಗಲಿಲ್ಲ, ಸಂಗಾತಿಗಳೇ. ಒಂದು ಖಾಲಿ ಶೀಸೆಯನ್ನು ತೊಳೆದುಕೊಂಡು, ಕೂಲಿ ಕಳೆದುಕೊಂಡು, ಸರ್ಕಾರಿ ಆಸ್ಪತ್ರೆಗೇ ಹೋದ. ಆಗ ನಾವು ಶೀಸೆ ಒಯ್ಯಬೇಕಿತ್ತು. ಕಂಪೌಂಡರು ಕೆಂಪು ನೀರು ತುಂಬಿಸಿ ಕೊಟ್ಟರು. ಮುಗಿದ ಮೇಲೆ ಮತ್ತೆ ಹೋದ, ಮತ್ತೆ ಕೆಂಪು ನೀರು. ಹೀಗೆ ನಾಲ್ಕು ಸಲ. ಕಫದಲ್ಲಿ ರಕ್ತ ಕಂಡ ಮೇಲೆ ಅವನನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಿದರು.

ಅಲ್ಲಿ ರೋಗ ಗೊತ್ತಾಯಿತು, ಮಾತ್ರೆಯೂ ದೊರೆಯಿತು. ಆಗ ಒಂದು ವರ್ಷಕ್ಕೂ ಮಿಕ್ಕಿ ಮಾತ್ರೆ ನುಂಗಬೇಕಿತ್ತು. ಎರಡು ತಿಂಗಳಲ್ಲಿ ಕೆಮ್ಮು ತಗ್ಗಿತು, ಮುಖದ ಮೇಲೆ ಸ್ವಲ್ಪ ಕಳೆಯೂ ಬಂದಿತು. ಮೂರನೆಯ ತಿಂಗಳು ಹೋದಾಗ "ಸ್ಟಾಕು ಬಂದಿಲ್ಲ, ಮುಂದಿನ ವಾರ ಬಾ" ಎಂದರು. ಮುಂದಿನ ವಾರ ಹೋದ, ಗುಮಾಸ್ತರು ರಜ. ಬಸ್ಸಿನ ಚಾರ್ಜು, ಒಂದು ದಿನದ ಕೂಲಿ, ಎರಡೂ ಹೋದವು. ಮೂರನೆಯ ಸಲ ಅವನು ಹೋಗಲಿಲ್ಲ. ಮೈ ಹಗುರಾಗಿದೆ, ಗಿರಣಿಗೆ ಹೋಗುತ್ತೇನೆಂದ. ಎಂಟು ತಿಂಗಳಲ್ಲಿ ತೀರಿಕೊಂಡ. ಅವನ ಚೀಟಿಯನ್ನು ನಮ್ಮಜ್ಜಿ ಬಹಳ ಕಾಲ ಟ್ರಂಕಿನಲ್ಲಿಟ್ಟಿದ್ದಳು. ನಾನು ಇಂಗ್ಲಿಷು ಕಲಿತ ಮೇಲೆ ಅದನ್ನು ತೆಗೆದು ಓದಿದೆ. ಕೆಂಪು ಶಾಯಿಯಲ್ಲಿ ಒಂದೇ ಪದ ಬರೆದಿತ್ತು: "ಡಿಫಾಲ್ಟರ್". ಸಾಲ ತೀರಿಸದೆ ಓಡಿಹೋದವನಿಗೆ ಬ್ಯಾಂಕಿನವರು ಹೇಳುವ ಮಾತು ಅದು.

ನಾನು ಆ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಅಲ್ಲಿದ್ದವರು ಕೆಟ್ಟವರೂ ಅಲ್ಲ. ಅಂದಿನಿಂದ ನನ್ನ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ. ಔಷಧ ಬಿಟ್ಟವನು ನನ್ನ ಮಾವನೋ, ಅಥವಾ ಅವನನ್ನು ಬಿಟ್ಟದ್ದು ಸರ್ಕಾರವೋ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಇಂದಿನ ವಿಷಯಕ್ಕೂ ಉತ್ತರ ಸಿಕ್ಕುತ್ತದೆಂದು ನನ್ನ ನಂಬಿಕೆ.

ಮದರಾಸಿನ ಪಾಠ

೧೯೫೬ರಲ್ಲಿ ಮದರಾಸಿನಲ್ಲಿ ಕ್ಷಯದ ಔಷಧೋಪಚಾರದ ಸಂಶೋಧನೆಗಾಗಿಯೇ ಒಂದು ಕೇಂದ್ರ ಸ್ಥಾಪನೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಕೆಲಸವದು. ಅಲ್ಲಿಯವರೆಗೆ ಕ್ಷಯವೆಂದರೆ ಸ್ಯಾನಟೋರಿಯಂ ಎಂಬ ಭಾವನೆಯಿತ್ತು. ತಂಪಾದ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ದೇಶದಲ್ಲಿದ್ದ ರೋಗಿಗಳು ಲಕ್ಷ ಲಕ್ಷ, ಇದ್ದ ಹಾಸಿಗೆಗಳು ಕೆಲವು ಸಾವಿರ. ಉಳಿದವರು ಸಾಯಬೇಕೆಂದೇ ಅದರ ಅರ್ಥ.

ಮದರಾಸಿನ ಸಂಶೋಧಕರು ೧೯೩ ಜನ ಬಡರೋಗಿಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಂಗೆ ಕಳಿಸಿ, ಇನ್ನೊಂದು ಗುಂಪಿಗೆ ಅವರವರ ಮನೆಯಲ್ಲೇ ಅದೇ ಔಷಧವನ್ನು ಒಂದು ವರ್ಷ ಕೊಟ್ಟರು. ಮನೆಯೆಂದರೆ ನಮ್ಮ ನಿಮ್ಮ ಮನೆಯಂಥದೇ: ಇಕ್ಕಟ್ಟು, ಹೊಗೆ, ಅರೆಹೊಟ್ಟೆ. ೧೯೫೯ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಸ್ಯಾನಟೋರಿಯಂನಲ್ಲಿದ್ದವರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಮನೆಯಲ್ಲಿದ್ದ ರೋಗಿಯಿಂದ ಹೆಂಡತಿಮಕ್ಕಳಿಗೆ ರೋಗ ಹೆಚ್ಚು ಹರಡಿರಲೂ ಇಲ್ಲ. ಮುಂದೆ ಐದು ವರ್ಷ ಹಿಂಬಾಲಿಸಿ ನೋಡಿದಾಗಲೂ ಈ ಮಾತು ನಿಂತಿತು.

ಇದರ ಅರ್ಥವೇನು? ಬಡವನ ಗುಡಿಸಲಿನಲ್ಲೂ ಕ್ಷಯವನ್ನು ಗೆಲ್ಲಬಹುದು. ಆದರೆ ಮದರಾಸಿನಲ್ಲಿ ಇನ್ನೊಂದು ಸಂಗತಿಯಿತ್ತು, ಅದನ್ನು ಮರೆಯಬಾರದು. ಅಲ್ಲಿ ಔಷಧ ಒಂದು ವಾರವೂ ತಪ್ಪಲಿಲ್ಲ. ಅದಕ್ಕೆ ಕಾಸು ಕೇಳಲಿಲ್ಲ. ರೋಗಿ ಬಾರದಿದ್ದರೆ ಕೇಂದ್ರದವರೇ ಅವನ ಮನೆ ಹುಡುಕಿಕೊಂಡು ಹೋದರು. ರೋಗಿಯ ಅಂಗಳಕ್ಕೆ ಸರ್ಕಾರ ಬಂದಿತು. ಫಲಿಸಿದ್ದು ಮಾತ್ರೆಯೊಂದೇ ಅಲ್ಲ; ಮಾತ್ರೆ ಮತ್ತು ಮಾತು ಉಳಿಸಿಕೊಂಡ ವ್ಯವಸ್ಥೆ ಎರಡೂ ಸೇರಿ ಫಲಿಸಿದವು.

ತುಮಕೂರು ಹಳ್ಳಿಗಳ ಸಾಕ್ಷಿ

೧೯೫೯ರಲ್ಲಿ ನಮ್ಮ ಬೆಂಗಳೂರಿನಲ್ಲೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆಯವರು ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಡಾ. ದೇಬಬರ್ ಬ್ಯಾನರ್ಜಿ ಎಂಬ ವೈದ್ಯರೂ ಸ್ಟಿಗ್ ಆಂಡರ್ಸನ್ ಎಂಬ ಡೆನ್ಮಾರ್ಕಿನ ವಿದ್ವಾಂಸರೂ ಒಂದು ಸರಳ ಪ್ರಶ್ನೆ ಕೇಳಿದರು: ಕ್ಷಯವಿರುವ ಹಳ್ಳಿಯವನಿಗೆ ತನಗೆ ಏನೋ ಆಗಿದೆಯೆಂದು ಗೊತ್ತೇ? ಗೊತ್ತಿದ್ದರೆ ಅವನೇನು ಮಾಡಿದ್ದಾನೆ?

ಆಗ ದೊಡ್ಡವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: ಹಳ್ಳಿಯವರು ಅಜ್ಞಾನಿಗಳು, ಮೂಢರು, ಆಸ್ಪತ್ರೆಗೆ ಬರುವುದಿಲ್ಲ, ಅವರಿಗೆ ಮೊದಲು ತಿಳಿವಳಿಕೆ ಕೊಡಬೇಕು. ೧೯೬೩ರಲ್ಲಿ ಪ್ರಕಟವಾದ ಆ ಅಧ್ಯಯನ ಈ ಮಾತಿನ ಬುಡವನ್ನೇ ಕಿತ್ತುಹಾಕಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಹೆಚ್ಚಿನವರಿಗೆ ಚಿಂತೆಯೂ ಹತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಡಾಕ್ಟರನ್ನೋ ಆಸ್ಪತ್ರೆಯನ್ನೋ ಕಂಡು ಬಂದಿದ್ದರು. ಅವರಿಗೆ ಅಲ್ಲಿ ದೊರೆತದ್ದೇನು? ಬಹುಪಾಲು ಜನಕ್ಕೆ ಕೆಮ್ಮಿನ ಶೀಸೆ! ನನ್ನ ಮಾವನ ಕೆಂಪು ನೀರು.

ಸಂಗಾತಿಗಳೇ, ಈ ಮಾತನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಜನ ಬರುತ್ತಿಲ್ಲವೆಂದು ಸರ್ಕಾರ ಹೇಳಿದಾಗ, ಬಂದವರಿಗೆ ಏನು ಕೊಟ್ಟಿರೆಂದು ನಾವು ಕೇಳಬೇಕು. ಜನರಿಗೆ ನಂಬಿಕೆಯಿಲ್ಲವೆಂದು ಹೇಳಿದಾಗ, ನಂಬಿ ಬಂದವರನ್ನು ಹೇಗೆ ನಡೆಸಿಕೊಂಡಿರೆಂದು ಕೇಳಬೇಕು. ಅಪನಂಬಿಕೆ ಅಜ್ಞಾನದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಅನುಭವದಿಂದ ಹುಟ್ಟುತ್ತದೆ.

ಯೋಜನೆ ಚೆನ್ನಾಗಿತ್ತು, ಆದರೆ...

ಈ ಎರಡು ಪಾಠಗಳ ಮೇಲೆಯೇ ೧೯೬೨ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಆರಂಭವಾಯಿತು. ಪ್ರತ್ಯೇಕ ಕ್ಷಯದ ಆಸ್ಪತ್ರೆಗಳನ್ನು ಕಟ್ಟುತ್ತ ಕೂರುವ ಬದಲು, ಇರುವ ಸಾಮಾನ್ಯ ಆಸ್ಪತ್ರೆಗೆ ಬಂದ ಕೆಮ್ಮಿನವನ ಕಫವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿಯೇ ಔಷಧ ಕೊಡಬೇಕೆಂಬ ಯೋಜನೆ. ಬಡದೇಶಕ್ಕೆ ಹೇಳಿ ಮಾಡಿಸಿದಂಥದು.

ಮೂವತ್ತು ವರ್ಷಗಳ ಬಳಿಕ, ೧೯೯೨ರಲ್ಲಿ ಸರ್ಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಸ್ವೀಡನ್ನಿನ ನೆರವು ಸಂಸ್ಥೆಯೂ ಸೇರಿ ಈ ಕಾರ್ಯಕ್ರಮವನ್ನು ಪರಿಶೀಲಿಸಿದವು. ಕಂಡುಬಂದದ್ದು ಇಷ್ಟು: ಹಣ ಸಾಲದು, ಔಷಧದ ಪೂರೈಕೆ ಆಗಾಗ ನಿಲ್ಲುತ್ತದೆ, ಕಫ ಪರೀಕ್ಷೆ ಬಿಟ್ಟು ಎಕ್ಸ್‌ರೇಯನ್ನೇ ನೆಚ್ಚಿದ್ದಾರೆ, ಚಿಕಿತ್ಸೆಗೆ ಸೇರಿದವರಲ್ಲಿ ಪೂರ್ತಿ ಮುಗಿಸುವವರು ಅರ್ಧಕ್ಕಿಂತ ಕಡಿಮೆ. ಯೋಜನೆಯಲ್ಲಿ ತಪ್ಪಿರಲಿಲ್ಲ. ಯೋಜನೆ ಕಾಗದದ ಮೇಲೆ ಇತ್ತು, ಮಾತ್ರೆ ಉಗ್ರಾಣದಲ್ಲಿ ಇರಲಿಲ್ಲ. ಹೀಗಿದ್ದರೂ ದಫ್ತರಗಳಲ್ಲಿ ತಪ್ಪಿತಸ್ಥನಾದವನು ರೋಗಿಯೇ.

೧೯೯೭ರಿಂದ ಕಾರ್ಯಕ್ರಮವನ್ನು ಪರಿಷ್ಕರಿಸಿ ವಿಸ್ತರಿಸಲಾಯಿತು. ೨೦೦೬ರ ವೇಳೆಗೆ ಅದು ದೇಶವನ್ನೆಲ್ಲ ಮುಟ್ಟಿತು. ಒಬ್ಬೊಬ್ಬ ರೋಗಿಯ ಹೆಸರಿನಲ್ಲಿ ಇಡೀ ಚಿಕಿತ್ಸೆಯ ಔಷಧವನ್ನು ಒಂದು ಪೆಟ್ಟಿಗೆಯಲ್ಲಿ ಮೊದಲೇ ತೆಗೆದಿಡುವ ಕ್ರಮ ಬಂದಿತು. ಇದು ಬಹಳ ಒಳ್ಳೆಯ ಕ್ರಮ. ಪೆಟ್ಟಿಗೆಯ ಮೇಲೆ ನನ್ನ ಹೆಸರಿದೆ, ಅದು ನನ್ನದು, ಬೇರೆಯವರಿಗೆ ಹೋಗುವುದಿಲ್ಲವೆಂದು ರೋಗಿಗೆ ಕಣ್ಣಾರೆ ಕಂಡಿತು. ಗುಣವಾದವರ ಸಂಖ್ಯೆ ಏರಿತು. ಆದರೆ ಇನ್ನೊಬ್ಬರ ಕಣ್ಣೆದುರಿಗೇ ಮಾತ್ರೆ ನುಂಗಬೇಕೆಂಬ ನಿಯಮವೂ ಜತೆಗೆ ಬಂದಿತು. ಕೂಲಿಯವನಿಗೆ ಅದು ಎಷ್ಟೋ ಕಡೆ ಕೂಲಿ ತಪ್ಪಿಸುವ ನಿಯಮವಾಯಿತು. ಕಾವಲು ಬೇರೆ, ಕಾಳಜಿ ಬೇರೆ. ಆ ನಿಯಮ ರೋಗಿಯ ಬಾಗಿಲಿಗೆ ಬಂದು ಕುಶಲ ಕೇಳಿದ ಕಡೆ ನೆರವಾಯಿತು. ರೋಗಿಯನ್ನೇ ಬಾಗಿಲಿಗೆ ಕರೆಸಿ ನಿಲ್ಲಿಸಿದ ಕಡೆ ಹೊರೆಯಾಯಿತು.

೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ "ಡಿಫಾಲ್ಟರ್" ಎಂಬ ಪದವನ್ನು ತನ್ನ ವರದಿಗಳಿಂದ ತೆಗೆದುಹಾಕಿತು. ಈಗ "ಸಂಪರ್ಕ ತಪ್ಪಿದವರು" ಎಂಬ ಅರ್ಥದ ಮಾತು ಬಂದಿದೆ. ಸಂಪರ್ಕಕ್ಕೆ ಎರಡು ತುದಿ ಉಂಟು. ತಪ್ಪಿದರೆ ಎರಡು ತುದಿಯನ್ನೂ ನೋಡಬೇಕು. ಇಷ್ಟನ್ನು ಒಪ್ಪಿಕೊಳ್ಳಲು ಲೋಕಕ್ಕೆ ಅರ್ಧ ಶತಮಾನ ಹಿಡಿಯಿತು.

ಅನ್ನದ ಪ್ರಶ್ನೆ

ಇನ್ನು ಅನ್ನದ ವಿಚಾರ. ಮದರಾಸಿನ ಸಂಶೋಧನೆಯಿಂದ, ಔಷಧ ಸರಿಯಾಗಿ ನುಂಗಿದರೆ ಅರೆಹೊಟ್ಟೆಯ ರೋಗಿಯೂ ಗುಣವಾಗಬಲ್ಲನೆಂಬುದು ಕಂಡಿತು. ಆ ಮಾತು ನಿಜ. ಆದರೆ ಆ ನಿಜದಿಂದ ಆಳುವವರು ತಮಗೆ ಅನುಕೂಲವಾದ ಇನ್ನೊಂದು ಮಾತನ್ನು ಹುಟ್ಟಿಸಿಕೊಂಡರು: ಹಾಗಾದರೆ ಅನ್ನದ ಚಿಂತೆ ಬೇಡ, ಮಾತ್ರೆ ಕೊಟ್ಟರೆ ಸಾಕು! ದಶಕಗಳ ಕಾಲ ಕ್ಷಯ ಕಾರ್ಯಕ್ರಮದಲ್ಲಿ ಅನ್ನಕ್ಕೆ ಎಡೆಯೇ ಇಲ್ಲದೆ ಹೋಯಿತು. "ಉಪವಾಸದವನಿಗೂ ಔಷಧ ಹಿಡಿಯುತ್ತದೆ" ಎನ್ನುವುದು ಒಂದು ಮಾತು. "ಉಪವಾಸದವನಿಗೇ ರೋಗ ಬರುತ್ತದೆ" ಎನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆಸಿದರು.

ಈ ಮರೆವನ್ನು ಮುರಿದದ್ದು ೨೦೧೯ರಿಂದ ೨೦೨೨ರವರೆಗೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆ. ಅದರ ಮುಂದಾಳುಗಳಲ್ಲೊಬ್ಬರಾದ ಡಾ. ಅನುರಾಗ್ ಭಾರ್ಗವ ನಮ್ಮ ಮಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಪ್ರಾಧ್ಯಾಪಕರು. ೨,೮೦೦ ರೋಗಿಗಳು, ಅವರ ಮನೆಗಳ ೧೦,೩೪೫ ಮಂದಿ. ರೋಗಿಗಳಿಗೆಲ್ಲ ತಿಂಗಳಿಗೆ ೧೦ ಕಿಲೋ ಆಹಾರದ ಚೀಲ ಕೊಟ್ಟರು: ಧಾನ್ಯ, ಬೇಳೆ, ಎಣ್ಣೆ, ಹಾಲಿನ ಪುಡಿ. ಮನೆಯವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ತಲೆಗೆ ತಿಂಗಳಿಗೆ ೫ ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆ ಕೊಟ್ಟರು. ೨೦೨೩ರಲ್ಲಿ ಫಲಿತಾಂಶ ಬಂದಿತು. ಅಕ್ಕಿಬೇಳೆ ದೊರೆತ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ ೩೯ರಷ್ಟು ಕಡಿಮೆಯಾಗಿತ್ತು. ಕಫದಿಂದ ಇತರರಿಗೆ ಅಂಟುವ ಶ್ವಾಸಕೋಶದ ಕ್ಷಯ ಶೇಕಡ ೪೮ರಷ್ಟು ಕಡಿಮೆಯಾಗಿತ್ತು. ರೋಗಿಗಳ ಪೈಕಿ ಮೊದಲ ಎರಡು ತಿಂಗಳಲ್ಲಿ ಶೇಕಡ ೫ರಷ್ಟು ತೂಕ ಏರಿದವರಲ್ಲಿ ಸಾವಿನ ಭಯ ಶೇಕಡ ೬೧ರಷ್ಟು ತಗ್ಗಿತ್ತು.

ಅಕ್ಕಿ ಮತ್ತು ಬೇಳೆ, ಸಂಗಾತಿಗಳೇ! ಯಾವ ಹೊರದೇಶದ ಯಂತ್ರವೂ ಅಲ್ಲ. ಗಂಡನಿಗೆ ಮಾತ್ರೆ ಕೊಟ್ಟು, ಹೆಂಡತಿ ಮಕ್ಕಳಿಗೆ ಅನ್ನ ಕೊಟ್ಟರೆ ರೋಗ ಆ ಹೊಸಿಲಲ್ಲೇ ನಿಲ್ಲುತ್ತದೆ. ಪಡಿತರದ ಅಂಗಡಿಯೂ ಒಂದು ಆಸ್ಪತ್ರೆಯೆಂದು ನಾವು ವೇದಿಕೆಯ ಮೇಲೆ ಹೇಳುತ್ತಿದ್ದ ಮಾತಿಗೆ ಈಗ ವಿಜ್ಞಾನದ ಸಾಕ್ಷಿಯೂ ದೊರೆತಂತಾಯಿತು.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ನ್ಯಾಯವಾಗದು. ೨೦೧೮ರ ಏಪ್ರಿಲಿನಿಂದ ರೋಗಿಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ೫೦೦ ರೂಪಾಯಿ ಕೊಡುವ ಯೋಜನೆ ಬಂದಿತು. ೨೦೨೪ರ ನವೆಂಬರಿನಿಂದ ಅದು ೧,೦೦೦ ರೂಪಾಯಿ ಆಯಿತು. ಒಳ್ಳೆಯದು. ಆದರೆ ಹಣ ಬ್ಯಾಂಕಿನ ಖಾತೆಗೆ ಬರಬೇಕು. ಖಾತೆ ಇಲ್ಲದವನಿಗೆ, ಇದ್ದರೂ ಆಧಾರ್ ಜೋಡಣೆಯಾಗದವನಿಗೆ, ಊರೂರು ಅಲೆಯುವ ಕೂಲಿಯವನಿಗೆ ಅದು ತಿಂಗಳುಗಟ್ಟಲೆ ತಡವಾಗುತ್ತದೆ. ಅನ್ನ ಬೇಕಾದದ್ದು ಮೊದಲ ಎರಡು ತಿಂಗಳಲ್ಲಿ. ಹಣ ಬರುವುದು ಎಷ್ಟೋ ಜನಕ್ಕೆ ಅದಾದ ಮೇಲೆ. ೨೦೨೨ರಲ್ಲಿ ದಾನಿಗಳು ರೋಗಿಗಳನ್ನು "ದತ್ತು" ತೆಗೆದುಕೊಂಡು ಆಹಾರದ ಬುಟ್ಟಿ ಕೊಡುವ ಇನ್ನೊಂದು ಕ್ರಮವೂ ಬಂದಿತು. ಕೊಡುವವರ ಕೈಯನ್ನು ನಾನು ಹಳಿಯುವುದಿಲ್ಲ. ಆದರೆ ದಾನಿ ಸಿಕ್ಕಿದ ರೋಗಿಗೆ ಬೇಳೆ, ದಾನಿ ಸಿಕ್ಕದ ರೋಗಿಗೆ ಬರಿಗೈ ಎಂದಾದರೆ ಅದು ಯೋಜನೆಯೆನಿಸದು, ಅದೃಷ್ಟವೆನಿಸುತ್ತದೆ. ಬುಟ್ಟಿಯ ಜತೆ ಫೋಟೊ ಹಿಡಿಸಿಕೊಂಡರೆ ರೋಗಿಯ ಗುಟ್ಟು ಊರಿಗೆಲ್ಲ ತಿಳಿಯುತ್ತದೆ. ಮದುವೆಗೆ ಬಂದ ಮಗಳಿರುವ ಮನೆಯವರು ಆ ಬುಟ್ಟಿಯನ್ನು ಹೇಗೆ ತೆಗೆದುಕೊಂಡಾರು? ಅನ್ನ ಹಕ್ಕಾಗಿ ಬರಬೇಕು, ಸದ್ದಿಲ್ಲದೆ ಬರಬೇಕು, ತಪ್ಪದೆ ಬರಬೇಕು.

ಒತ್ತಾಯದ ಫಲ

ಇನ್ನು ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬-೭೭ ಒಂದೇ ವರ್ಷದಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಗುರಿ ಗೊತ್ತುಮಾಡಿದ್ದರು, ಮೇಷ್ಟರಿಗೆ ಇಷ್ಟು, ರೆವಿನ್ಯೂ ನೌಕರರಿಗೆ ಇಷ್ಟು. ಗುರಿ ಮುಟ್ಟದಿದ್ದರೆ ಸಂಬಳ ನಿಲ್ಲುವ ಬೆದರಿಕೆ. ಅಂಕಿಯ ಲೆಕ್ಕದಲ್ಲಿ ಅದು ಮಹಾ ಯಶಸ್ಸು. ಜನರ ಲೆಕ್ಕದಲ್ಲೋ? ೧೯೭೭ರ ಚುನಾವಣೆಯಲ್ಲಿ ಉತ್ತರ ಭಾರತದ ಜನ ಅದಕ್ಕೆ ಉತ್ತರ ಕೊಟ್ಟರು. ಆದರೆ ಚುನಾವಣೆಗಿಂತಲೂ ಉದ್ದವಾಗಿ ಉಳಿದದ್ದು ಸಂಶಯ. ಸೂಜಿ ಹಿಡಿದು ಬಂದ ನರ್ಸಮ್ಮನನ್ನು ಕಂಡರೆ ಬಾಗಿಲು ಹಾಕುವ ಭಯ. ಮುಂದೆ ಪೋಲಿಯೋ ಹನಿ ಹಾಕುವವರು ಬಂದಾಗ ಉತ್ತರ ಪ್ರದೇಶದ ಕೆಲವು ಕಡೆ "ಇದು ಮಕ್ಕಳಾಗದಂತೆ ಮಾಡುವ ಮದ್ದು" ಎಂಬ ಗಾಳಿಮಾತು ಎದ್ದದ್ದು ಬರಿಯ ಮೌಢ್ಯದಿಂದಲ್ಲ.

ಆ ಪೋಲಿಯೋ ಗೆದ್ದದ್ದು ಹೇಗೆ? ಬಲಾತ್ಕಾರದಿಂದಲ್ಲ. ಅದೇ ಬೀದಿಯ ಹೆಂಗಸರನ್ನೇ ಮನೆಮನೆಗೆ ಕಳಿಸಿದರು, ಮಸೀದಿಯ ಹಿರಿಯರ ಜತೆ ಕುಳಿತು ಮಾತನಾಡಿದರು, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರು. ೨೦೧೧ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡ ಒಂದು ಮಗುವೇ ದೇಶದ ಕಡೆಯ ಕಾಡು ಪೋಲಿಯೋ ರೋಗಿ. ೨೦೧೪ರ ಮಾರ್ಚಿನಲ್ಲಿ ಭಾರತ ಪೋಲಿಯೋಮುಕ್ತವೆಂದು ಸಾರಲಾಯಿತು. ಅದೇ ೨೦೧೪ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಶಸ್ತ್ರಕ್ರಿಯೆ ಮಾಡಿದ ಶಿಬಿರದ ಬೆನ್ನಿಗೆ ಹತ್ತಕ್ಕೂ ಹೆಚ್ಚು ಬಡ ಹೆಂಗಸರು ಸತ್ತರು. ೨೦೧೬ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಬೇಕೆಂದು ಆಜ್ಞೆ ಮಾಡಬೇಕಾಯಿತು. ಒಂದೇ ದೇಶ, ಒಂದೇ ವರ್ಷ, ಎರಡು ದಾರಿ. ಮನುಷ್ಯರನ್ನು ಎಣಿಸಿದ ದಾರಿಯೊಂದು, ಮನುಷ್ಯರೊಡನೆ ಮಾತನಾಡಿದ ದಾರಿ ಇನ್ನೊಂದು.

ಸೋಲನ್ನು ಹೇಳುವ ಧೈರ್ಯ

ನಂಬಿಕೆಗೆ ಇನ್ನೊಂದು ಕಂಬವುಂಟು, ಅದು ಸತ್ಯ. ಕ್ಷಯಕ್ಕೆ ಬಿ.ಸಿ.ಜಿ. ಚುಚ್ಚುಮದ್ದು ಹಾಕುವ ಆಂದೋಲನ ನಡೆದಾಗ, ಐವತ್ತರ ದಶಕದಲ್ಲಿ ರಾಜಾಜಿಯವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅವರ ವಾದವೆಲ್ಲ ಸರಿಯಾಗಿರಲಿಲ್ಲ. ಆದರೆ ಈ ಮದ್ದಿನ ಫಲವನ್ನು ನಮ್ಮ ನೆಲದಲ್ಲಿ ಪರೀಕ್ಷಿಸಿದ್ದೀರಾ ಎಂಬ ಪ್ರಶ್ನೆ ಯಾರು ಕೇಳಿದರೂ ನ್ಯಾಯವಾದದ್ದೇ. ೧೯೬೮ರಲ್ಲಿ ಮದರಾಸಿನ ಬಳಿಯ ಚಿಂಗಲ್‌ಪೇಟೆ ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಆ ಪರೀಕ್ಷೆ ಪ್ರಾರಂಭವಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಆ ಮದ್ದು ಅಲ್ಲಿ ತಡೆಯಲಿಲ್ಲವೆಂದು ಫಲಿತಾಂಶ ಬಂದಿತು. ಅದು ಸರ್ಕಾರಕ್ಕೆ ಮುಜುಗರದ ಸುದ್ದಿ. ಆದರೂ ಸಂಶೋಧಕರು ಅದನ್ನು ಮುಚ್ಚಿಡಲಿಲ್ಲ. ೧೯೭೯ರಲ್ಲಿ ಲೋಕಕ್ಕೆ ತಿಳಿಸಿದರು, ಹದಿನೈದು ವರ್ಷದ ಲೆಕ್ಕವನ್ನು ೧೯೯೯ರಲ್ಲಿ ಮತ್ತೆ ತಿಳಿಸಿದರು. ಎಳೆಯ ಮಕ್ಕಳಿಗೆ ಬರುವ ಮಿದುಳಿನ ಕ್ಷಯದಂಥ ಘೋರ ರೂಪಗಳನ್ನು ಅದು ತಡೆಯುತ್ತದೆಂಬ ಕಾರಣದಿಂದ ಹುಟ್ಟಿದ ಮಗುವಿಗೆ ಇಂದಿಗೂ ಹಾಕುತ್ತಾರೆ, ಹಾಕಿಸಲೇಬೇಕು. ಇಷ್ಟು ಮಾಡುತ್ತದೆ, ಇಷ್ಟು ಮಾಡುವುದಿಲ್ಲವೆಂದು ಬಿಡಿಸಿ ಹೇಳಿದವನ ಮಾತನ್ನು ಜನ ನಾಳೆಯೂ ನಂಬುತ್ತಾರೆ.

ಈಗಿನ ಮಾತು ನೋಡಿ. ೨೦೧೮ರಲ್ಲಿ ದೆಹಲಿಯಲ್ಲಿ, ೨೦೨೫ರ ವೇಳೆಗೆ ಕ್ಷಯವನ್ನು ನಿರ್ಮೂಲ ಮಾಡುತ್ತೇವೆಂದು ಪ್ರಧಾನಿಗಳು ಸಾರಿದರು. ೨೦೨೫ ಮುಗಿದುಹೋಯಿತು, ಕ್ಷಯ ಹೋಗಲಿಲ್ಲ. ೨೦೧೫ರಲ್ಲಿ ಲಕ್ಷಕ್ಕೆ ೨೩೭ ಇದ್ದ ಹೊಸ ರೋಗಿಗಳ ಪ್ರಮಾಣ ೨೦೨೪ರಲ್ಲಿ ೧೮೭ಕ್ಕೆ ಇಳಿದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶೇಕಡ ೨೧ರಷ್ಟು ಇಳಿತ. ಇದು ಸಣ್ಣ ಕೆಲಸವಲ್ಲ. ಕಫದ ಡಬ್ಬಿ ಹಿಡಿದು ಬಿಸಿಲಲ್ಲಿ ಅಲೆದವರ ಬೆವರು ಅದರಲ್ಲಿದೆ. ಆದರೆ ನಿರ್ಮೂಲವೆಂದು ಹೇಳಿ ಐದರಲ್ಲೊಂದು ಪಾಲು ಇಳಿಸಿದರೆ, ಇಳಿಸಿದ್ದೂ ಸುಳ್ಳೆಂದು ಜನಕ್ಕೆ ಅನಿಸುತ್ತದೆ. ಆಗದ ಮಾತು ಆಡಿ ಆದ ಕೆಲಸದ ಗೌರವವನ್ನೂ ಕಳೆದರು.

ಇದರ ನಡುವೆ, ೨೦೨೪ರ ಮಾರ್ಚಿನಲ್ಲಿ ದೇಶದ ಎಷ್ಟೋ ರಾಜ್ಯಗಳಲ್ಲಿ ಕ್ಷಯದ ಮೊದಲ ಸಾಲಿನ ಮಾತ್ರೆಗಳಿಗೇ ಕೊರತೆ ಬಂದಿತು. ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿರೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಾಗದ ಬರೆಯಿತು. ನಿರ್ಮೂಲದ ಗಡುವಿಗೆ ಒಂದೂ ಮುಕ್ಕಾಲು ವರ್ಷ ಉಳಿದಿದ್ದಾಗ "ಸ್ಟಾಕು ಬಂದಿಲ್ಲ, ಮುಂದಿನ ವಾರ ಬಾ" ಎಂಬ ಮಾತು ಮತ್ತೆ ಕೇಳಿಸಿತು. ಮಧ್ಯೆ ನಿಂತ ಔಷಧ ರೋಗಿಯನ್ನು ಕೊಲ್ಲುವುದು ಮಾತ್ರವಲ್ಲ, ರೋಗಾಣುವಿಗೆ ಔಷಧವನ್ನು ಎದುರಿಸುವುದನ್ನೂ ಕಲಿಸುತ್ತದೆ. ಆಮೇಲೆ ಆರು ತಿಂಗಳ ಚಿಕಿತ್ಸೆ ಸಾಲದೆ ಹೆಚ್ಚು ಕಠಿನವಾದ, ಹೆಚ್ಚು ದುಬಾರಿಯಾದ ಮದ್ದುಗಳು ಬೇಕಾಗುತ್ತವೆ.

ನಾವು ಮಾಡಬೇಕಾದ್ದು

ಸರ್ಕಾರವನ್ನು ಬಯ್ದು ಮನೆಗೆ ಹೋಗುವುದು ಸುಲಭ. ಆದರೆ ನಮ್ಮಲ್ಲಿಯೂ ತಪ್ಪಿದೆ. ನಮ್ಮ ಎಷ್ಟು ಜನ ಕಾರ್ಯಕರ್ತರು ಕ್ಷಯದ ಮನೆಯಲ್ಲಿ ನೀರು ಕುಡಿದಿದ್ದೇವೆ? ಕೆಮ್ಮುವವನನ್ನು ಸಭೆಯ ಮೂಲೆಗೆ ಕೂರಿಸಿಲ್ಲವೇ? ಅಸ್ಪೃಶ್ಯತೆಯ ವಿರುದ್ಧ ಭಾಷಣ ಮಾಡುವ ನಾವೇ ಇನ್ನೊಂದು ಅಸ್ಪೃಶ್ಯತೆಯನ್ನು ಆಚರಿಸುತ್ತಿದ್ದೇವೆ. ಸರಿಯಾದ ಔಷಧ ಆರಂಭವಾದ ಕೆಲವು ವಾರಗಳಲ್ಲಿ ಬಹಳ ಮಟ್ಟಿಗೆ ರೋಗ ಅಂಟುವುದು ನಿಲ್ಲುತ್ತದೆ. ಇದನ್ನು ಮೊದಲು ನಾವು ಕಲಿತು, ಆಮೇಲೆ ಊರಿಗೆ ಹೇಳೋಣ.

ನಾನು ಈ ಶಿಬಿರದ ಮುಂದಿಡುವುದು ನಾಲ್ಕು ಕೆಲಸ.

ಮೊದಲನೆಯದು: ಪ್ರತಿ ತಿಂಗಳು ನಮ್ಮ ಶಾಖೆಯ ಇಬ್ಬರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕ್ಷಯದ ಔಷಧ ಎಷ್ಟು ದಿನಕ್ಕೆ ಇದೆಯೆಂದು ಕೇಳಬೇಕು. ಜಗಳಕ್ಕೆ ಹೋಗಬಾರದು. ಹೇಳದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾನೂನಿನಂತೆ ಹತ್ತು ರೂಪಾಯಿಯ ಅರ್ಜಿ ಕೊಡಬೇಕು. ಔಷಧ ಮುಗಿಯುವ ಮುಂಚೆ ಕೂಗಿದರೆ ಉಪಯೋಗವುಂಟು. ಮುಗಿದ ಮೇಲೆ ಕೂಗಿದರೆ ಬರಿಯ ಸುದ್ದಿ.

ಎರಡನೆಯದು: ಎರಡು ವಾರಕ್ಕೆ ಮೀರಿ ಕೆಮ್ಮುವವರ ಜತೆ ನಾವೇ ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ರೋಗಿಯ ಹೆಸರನ್ನು ಯಾವ ಸಭೆಯಲ್ಲಿಯೂ ಹೇಳಬಾರದು, ಈ ಪತ್ರಿಕೆಗೂ ಬರೆಯಬಾರದು. ಗುಟ್ಟು ಉಳಿಸದವನನ್ನು ಯಾರೂ ಎರಡನೆಯ ಸಲ ನಂಬುವುದಿಲ್ಲ.

ಮೂರನೆಯದು: ಗ್ರಾಮಸಭೆಯಲ್ಲಿ ಲೆಕ್ಕ ಕೇಳುವುದು. ೧೯೯೪ರ ಕೊನೆಯಿಂದ ರಾಜಸ್ಥಾನದ ಹಳ್ಳಿಗಳಲ್ಲಿ ರೈತ ಕೂಲಿಕಾರರು ಪಂಚಾಯತಿಯ ಬಿಲ್ಲುಗಳನ್ನು ಬಯಲಲ್ಲಿ ಎಲ್ಲರೆದುರು ಓದಿಸಿದರು. ಕಟ್ಟದ ಗೋಡೆ, ಕೊಡದ ಕೂಲಿ ಎಲ್ಲ ಹೊರಬಿದ್ದವು. ಆ ಬಯಲಿನಿಂದಲೇ ಮಾಹಿತಿ ಹಕ್ಕಿನ ಚಳವಳಿ ಬೆಳೆಯಿತು. ೨೦೧೩ರ ಆಹಾರ ಭದ್ರತಾ ಕಾನೂನಿನಲ್ಲಿ ಪಡಿತರದ ಸಾಮಾಜಿಕ ಲೆಕ್ಕಪರಿಶೋಧನೆಗೆ ಅವಕಾಶವಿದೆ. ಹೆಸರು ಹೇಳದೆ, ನಮ್ಮ ಪಂಚಾಯತಿಯಲ್ಲಿ ಎಷ್ಟು ರೋಗಿಗಳಿಗೆ ಪೌಷ್ಟಿಕ ಆಹಾರದ ಹಣ ಬಂದಿದೆ, ಎಷ್ಟು ಜನಕ್ಕೆ ಬಂದಿಲ್ಲ, ಏಕೆ ಬಂದಿಲ್ಲ ಎಂದು ಕೇಳಬಹುದು.

ನಾಲ್ಕನೆಯದು: ಆಶಾ ಕಾರ್ಯಕರ್ತೆಯರ ಬೆನ್ನಿಗೆ ನಿಲ್ಲುವುದು. ೨೦೦೫ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ನಿಜವಾದ ಕಾಲು ಅವರೇ. ಮದರಾಸಿನಲ್ಲಿ ರೋಗಿಯ ಮನೆ ಹುಡುಕಿಕೊಂಡು ಹೋದವರು ಮಾಡಿದ ಕೆಲಸವನ್ನು ಇಂದು ಹಳ್ಳಿಯಲ್ಲಿ ಮಾಡುವವಳು ಅವಳು. ಅವಳನ್ನು ನೌಕರಳೆಂದು ಕರೆಯದೆ ಸ್ವಯಂಸೇವಕಿಯೆಂದು ಕರೆದು, ಸಂಬಳವೆನ್ನದೆ ಗೌರವಧನವೆಂದು ಹೇಳಿ, ಕೆಲಸ ಮಾತ್ರ ನೌಕರರಿಗಿಂತ ಹೆಚ್ಚು ತೆಗೆಯುವುದು ಮೋಸ. ಜನ ಸರ್ಕಾರವನ್ನು ನಂಬುವುದು ವಿಧಾನಸೌಧ ನೋಡಿ ಅಲ್ಲ. ಬಾಗಿಲಿಗೆ ಬಂದ ಹೆಂಗಸನ್ನು ನೋಡಿ. ಅವಳನ್ನೇ ವಂಚಿಸಿದ ಸರ್ಕಾರದ ಪರವಾಗಿ ಅವಳು ಎಷ್ಟು ದಿನ ನಂಬಿಕೆ ಬೇಡಿಯಾಳು?

ಅಧ್ಯಕ್ಷರೇ, ಹೇಳಬೇಕಾದ್ದನ್ನು ಹೇಳಿದ್ದೇನೆ. ಯೋಜನೆ ಫಲಿಸುವುದು ಔಷಧ ತಪ್ಪದಿದ್ದಾಗ, ಅನ್ನ ಜತೆಗಿದ್ದಾಗ, ಒತ್ತಾಯವಿಲ್ಲದಿದ್ದಾಗ, ಸೋತದ್ದನ್ನು ಸೋತೆವೆಂದು ಹೇಳಿದಾಗ, ಲೆಕ್ಕ ಜನರೆದುರಿಗಿದ್ದಾಗ. ನಂಬಿಕೆಯನ್ನು ಯಾವ ಇಲಾಖೆಯೂ ಹಂಚಲಾರದು. ಕೊಟ್ಟ ಮಾತು ಹತ್ತು ಸಲ ನಡೆದರೆ ಅದು ತಾನಾಗಿ ಬರುತ್ತದೆ, ಒಂದು ಸಲ ತಪ್ಪಿದರೆ ಹೋಗುತ್ತದೆ.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಆ ಚೀಟಿಯಲ್ಲಿ ಮಗನ ಬಗ್ಗೆ ಏನೋ ಒಳ್ಳೆಯ ಮಾತು ಬರೆದಿದ್ದಾರೆಂದು ತಿಳಿದೇ ಅವಳು ಅದನ್ನು ಜೋಪಾನ ಮಾಡಿದ್ದಳು. ಕೆಂಪು ಶಾಯಿಯ ಅರ್ಥವನ್ನು ನಾನು ಅವಳಿಗೆ ಹೇಳಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬ ತಾಯಿಯ ಟ್ರಂಕಿನಲ್ಲಿ ಅಂಥ ಚೀಟಿ ಬೀಳಬಾರದು. ಅದಕ್ಕಾಗಿ ಮುಂದಿನ ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋಗುವ ಇಬ್ಬರು ಯಾರೆಂಬುದನ್ನು ಈ ಸಭೆ ಮುಗಿಯುವುದರೊಳಗೆ ಗೊತ್ತುಮಾಡೋಣ. ಒಬ್ಬನ ಹೆಸರನ್ನು ಈಗಲೇ ಬರೆದುಕೊಳ್ಳಿ, ಅದು ನನ್ನದು.